ಪ್ರಿಂಟರ್ ಯಾವಾಗ ಮಲಗಬೇಕು? ಸ್ಲೀಪ್ ಟೈಮರ್ ಹಿಂದಿನ ಲೆಕ್ಕ

ಡಿಪಾರ್ಟ್‌ಮೆಂಟ್ ಆಫೀಸಿನ ಪ್ರಿಂಟರ್ ಬಗ್ಗೆ ಎಲ್ಲ ಬ್ರಾಂಚಿನವರದ್ದೂ ಒಂದೇ ದೂರು: "ಅದು ಮಲಗಿಬಿಡುತ್ತೆ". ಪ್ರಿಂಟ್ ಕೊಟ್ಟ ಮೇಲೆ ಒಂದಷ್ಟು ಹೊತ್ತು ಗುರ್ ಗುರ್ ಅನ್ನುತ್ತೆ, ಆಮೇಲೆ ಪುಟ ಬರುತ್ತೆ. ಬೋನಾಫೈಡ್ ಸರ್ಟಿಫಿಕೇಟಿಗೆ ಕ್ಯೂ ನಿಂತವರಿಗೆ ಆ 20 ಸೆಕೆಂಡ್ 20 ನಿಮಿಷದ ಹಾಗೆ ಅನ್ನಿಸುತ್ತೆ. ಕೊನೆಗೆ ಯಾರೋ ಒಬ್ಬರು ಮೆನು ಒಳಗೆ ಹೋಗಿ ಸ್ಲೀಪ್ ಟೈಮರನ್ನು 4 ಗಂಟೆಗೆ ಏರಿಸುತ್ತಾರೆ, ಇಲ್ಲವೇ ಪೂರ್ತಿ ಆಫ್ ಮಾಡಿಬಿಡುತ್ತಾರೆ. ಆವತ್ತಿನಿಂದ ದೂರು ನಿಂತುಹೋಗುತ್ತೆ, ಪ್ರಿಂಟರ್ ಮಾತ್ರ ರಾತ್ರಿಯೆಲ್ಲ ಎದ್ದೇ ಇರುತ್ತೆ.

ಆ ಟೈಮರಿಗೆ ಎಷ್ಟು ನಿಮಿಷ ಇಡಬೇಕು ಅನ್ನೋದು ನಿಜಕ್ಕೂ ಒಂದು ಎಂಜಿನಿಯರಿಂಗ್ ಪ್ರಶ್ನೆ. ಯಾರಿಗೆ ತಾಳ್ಮೆ ಕಡಿಮೆಯೋ ಅವರು ತೀರ್ಮಾನ ಮಾಡೋ ವಿಷಯ ಅಲ್ಲ. ಇದಕ್ಕೆ ಲೆಕ್ಕ ಇದೆ, ಅಳೆಯೋ ದಾರಿಯೂ ಇದೆ. ಈ ಬರಹದಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

ಮೊದಲು, ಕರೆಂಟ್ ಎಲ್ಲಿ ಹೋಗುತ್ತೆ?

ನಾವು ಫೋಟೋಕಾಪಿಗೆ "ಜೆರಾಕ್ಸ್" ಅಂತೀವಲ್ಲ, ಆ ಹೆಸರಿನ ಮೂಲ ಗ್ರೀಕ್ ಭಾಷೆಯದು. ಒಣ ಬರಹ ಅನ್ನೋದು ಅದರ ಅರ್ಥ. 1938ರ ಅಕ್ಟೋಬರ್ 22ರಂದು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಶಾಯಿಯ ಬದಲು ಒಣ ಪುಡಿ ಬಳಸಿ ಮೊದಲ ಪ್ರತಿ ತೆಗೆದರು. ಮುಂದೆ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಅದೇ ತತ್ವಕ್ಕೆ ಲೇಸರ್ ಸೇರಿಸಿದರು. ಇವತ್ತಿನ ಲೇಸರ್ ಪ್ರಿಂಟರ್ ಒಳಗೆ ನಡೆಯೋದೂ ಅದೇ ಕಥೆ. ಡ್ರಮ್ ಮೇಲೆ ಸ್ಥಾಯಿ ವಿದ್ಯುತ್ತಿನ ಚಾರ್ಜ್ ಹರಡುತ್ತೆ, ಲೇಸರ್ ಅದರ ಮೇಲೆ ಅಕ್ಷರದ ಆಕಾರ ಬರೆಯುತ್ತೆ, ಟೋನರ್ ಪುಡಿ ಆ ಆಕಾರಕ್ಕೆ ಅಂಟಿಕೊಂಡು ಅಲ್ಲಿಂದ ಕಾಗದಕ್ಕೆ ದಾಟುತ್ತೆ.

ಇಲ್ಲಿವರೆಗೆ ಖರ್ಚಾಗೋ ಶಕ್ತಿ ಹೆಚ್ಚೇನಲ್ಲ. ಆದ್ರೆ ಟೋನರ್ ಅಂದ್ರೆ ಬಣ್ಣ ಸೇರಿಸಿದ ಪ್ಲಾಸ್ಟಿಕ್ ಪುಡಿ. ಈ ಹಂತದಲ್ಲಿ ಕಾಗದ ಹೊರಗೆ ಬಂದರೆ ಕೈಯಲ್ಲಿ ಒರೆಸಿದ ಕೂಡಲೇ ಅಕ್ಷರ ಅಳಿಸಿಹೋಗುತ್ತೆ. ಅದಕ್ಕೇ ಕೊನೆಯಲ್ಲಿ ಫ್ಯೂಸರ್ ಅನ್ನೋ ಭಾಗ ಇದೆ: ಬಿಸಿ ರೋಲರ್ ಒಂದು, ಒತ್ತೋ ರೋಲರ್ ಒಂದು. ಅವೆರಡರ ನಡುವೆ ಕಾಗದ ಹಾದುಹೋಗುವಾಗ ಪುಡಿ ಕರಗಿ ನಾರಿನೊಳಗೆ ಹಿಡಿದುಕೊಳ್ಳುತ್ತೆ. ಅಲ್ಲಿನ ತಾಪ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಗ ತಾನೇ ಬಂದ ಪುಟ ಬೆಚ್ಚಗಿರೋದು, ಒಮ್ಮೊಮ್ಮೆ ಅಂಚು ಸುರುಳಿ ಸುತ್ತೋದು ಇದರಿಂದಲೇ.

ಫ್ಯೂಸರನ್ನು ಹೋಟೆಲಿನ ದೋಸೆ ಕಾವಲಿ ಅಂದುಕೊಳ್ಳಿ. ಕಾವಲಿ ಕಾದಿದ್ದರೆ ಹಿಟ್ಟು ಹುಯ್ದ ಕೂಡಲೇ ದೋಸೆ. ಆರಿದ್ದರೆ ಗಿರಾಕಿ ಕಾಯಬೇಕು. ಬೆಳಗ್ಗೆ ರಶ್ ಇದ್ದಾಗ ಭಟ್ಟರು ಉರಿ ತಗ್ಗಿಸೋದೇ ಇಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಆರಿಸಿಬಿಡುತ್ತಾರೆ. ಅಂಗಡಿ ಬಾಗಿಲು ಹಾಕಿದ ಮೇಲೂ ಒಲೆ ಉರಿಸೋ ಭಟ್ಟರನ್ನು ಯಾರಾದರೂ ನೋಡಿದ್ದೀರಾ? ಟೈಮರ್ ಆಫ್ ಮಾಡಿದ ಪ್ರಿಂಟರ್ ಮಾಡೋದು ಸರಿಯಾಗಿ ಅದನ್ನೇ.

ನಾಲ್ಕು ಸ್ಥಿತಿಗಳು

ಕಂಪನಿಗೊಂದು ಹೆಸರು ಇದ್ದರೂ ಒಳಗಿರೋ ಸ್ಥಿತಿಗಳು ಹೆಚ್ಚುಕಡಿಮೆ ಇವೇ:

1. ಪ್ರಿಂಟಿಂಗ್: ಹೀಟರ್, ಮೋಟಾರ್ ಎಲ್ಲವೂ ಓಡುತ್ತಿರುತ್ತೆ. ಸಾಮಾನ್ಯ ಆಫೀಸ್ ಲೇಸರ್ ಪ್ರಿಂಟರಿಗೆ ಕೆಲವು ನೂರು ವ್ಯಾಟ್ ಬೇಕು.
2. ರೆಡಿ: ಕೆಲಸ ಇಲ್ಲ, ಆದ್ರೆ ಫ್ಯೂಸರ್ ಬೆಚ್ಚಗಿದೆ. ಥರ್ಮಿಸ್ಟರ್ ತಾಪ ನೋಡುತ್ತಾ ಇರುತ್ತೆ, ಇಳಿದಾಗಲೆಲ್ಲ ಹೀಟರ್ ಹೊತ್ತಿಕೊಳ್ಳುತ್ತೆ.
3. ಸ್ಲೀಪ್: ಹೀಟರ್, ಡಿಸ್‌ಪ್ಲೇ ಎಲ್ಲ ಬಂದ್. ನೆಟ್‌ವರ್ಕ್ ಭಾಗ ಮಾತ್ರ ಕಿವಿ ತೆರೆದುಕೊಂಡು ಕೂತಿರುತ್ತೆ. ಪ್ರಿಂಟ್ ಬಂದರೆ ತಾನೇ ಏಳುತ್ತೆ.
4. ಆಟೋ ಆಫ್: ಬಹುತೇಕ ಪೂರ್ತಿ ಬಂದ್. ಕೆಲವು ಮಾಡೆಲ್‌ಗಳಲ್ಲಿ ಯಾರಾದರೂ ಬಟನ್ ಒತ್ತಿದರೆ ಮಾತ್ರ ಏಳುತ್ತೆ.

ಹಳೆಯ ದೊಡ್ಡ ಮಷೀನುಗಳಲ್ಲಿ ರೆಡಿ ಸ್ಥಿತಿಯೇ ದುಬಾರಿ, ಯಾಕಂದ್ರೆ ದಪ್ಪ ರೋಲರನ್ನು ಸದಾ ಬಿಸಿ ಇಡಬೇಕು. ಹೊಸ ಸಣ್ಣ ಮಷೀನುಗಳಲ್ಲಿ ಎಷ್ಟೋ ಸಲ ರೋಲರ್ ಬದಲು ತೆಳು ಫಿಲ್ಮ್ ಮತ್ತು ಸೆರಾಮಿಕ್ ಹೀಟರ್ ಇರುತ್ತೆ. ಕಾಯಿಸಬೇಕಾದ ದ್ರವ್ಯರಾಶಿ ಕಡಿಮೆ, ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಕಾದುಬಿಡುತ್ತೆ. ಥರ್ಮೋಡೈನಮಿಕ್ಸ್ ಕ್ಲಾಸಲ್ಲಿ ಓದಿದ ಉಷ್ಣ ಸಾಮರ್ಥ್ಯ ಇಲ್ಲಿ ನೇರವಾಗಿ ಕೆಲಸಕ್ಕೆ ಬಂತು ನೋಡಿ.

ಒಂದು ವಾರದ ಲೆಕ್ಕ

ಉದಾಹರಣೆಗೆ ಒಂದು ಹಳೆಯ ಮಷೀನ್ ತಗೊಳ್ಳೋಣ. ಈ ಅಂಕಿಗಳು ಲೆಕ್ಕ ತೋರಿಸೋಕೆ ನಾವು ಇಟ್ಟುಕೊಂಡವು. ನಿಮ್ಮ ಮಷೀನಿನದ್ದನ್ನು ನೀವೇ ಅಳೆಯಬೇಕು. ರೆಡಿ ಸ್ಥಿತಿಯಲ್ಲಿ ಸರಾಸರಿ 40 ವ್ಯಾಟ್, ಸ್ಲೀಪ್‌ನಲ್ಲಿ 2 ವ್ಯಾಟ್. ಪ್ರಿಂಟ್ ಮಾಡುವಾಗ 500 ವ್ಯಾಟ್, ನಿಮಿಷಕ್ಕೆ 20 ಪುಟ. ಆಫೀಸ್ ವಾರಕ್ಕೆ 6 ದಿನ, 9ರಿಂದ 5. ದಿನಕ್ಕೆ 200 ಪುಟ.

ಒಂದು ಪುಟಕ್ಕೆ 3 ಸೆಕೆಂಡ್, ಅಂದ್ರೆ 1500 ಜೌಲ್. ವಾರಕ್ಕೆ 1200 ಪುಟ. ಒಟ್ಟು 18 ಲಕ್ಷ ಜೌಲ್, ಅಂದ್ರೆ ಅರ್ಧ ಯೂನಿಟ್. ನಿಜವಾದ ಕೆಲಸಕ್ಕೆ ಖರ್ಚಾದ ಕರೆಂಟ್ ಇಷ್ಟೇ.

ವಾರದಲ್ಲಿ 168 ಗಂಟೆ. ಅದರಲ್ಲಿ ಆಫೀಸ್ ತೆರೆದಿರೋದು 48 ಗಂಟೆ. ಆ 48 ಗಂಟೆ ಸುಮ್ನೆ ರೆಡಿಯಾಗಿ ನಿಂತಿದ್ದಕ್ಕೆ ಸುಮಾರು 1.9 ಯೂನಿಟ್. ಬೀಗ ಹಾಕಿದ ಮಿಕ್ಕ 120 ಗಂಟೆಗೆ 4.8 ಯೂನಿಟ್.

ಅಂದ್ರೆ ವಾರದ ಒಟ್ಟು 7.2 ಯೂನಿಟ್‌ನಲ್ಲಿ ಮೂರನೇ ಎರಡು ಪಾಲು, ಯಾರೂ ಇಲ್ಲದ ಕೋಣೆಯನ್ನು ಬಿಸಿ ಮಾಡೋಕೆ ಹೋಯ್ತು. ಅದು ಪ್ರಿಂಟಿಂಗಿಗೆ ಬೇಕಾದದ್ದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು. ವರ್ಷಕ್ಕೆ 250 ಯೂನಿಟ್, ಒಂದೇ ಒಂದು ಮಷೀನಿಗೆ. ಅದೇ 120 ಗಂಟೆ ಪ್ರಿಂಟರ್ ಮಲಗಿದ್ದರೆ ವಾರಕ್ಕೆ ಬೇಕಾಗಿದ್ದು 0.24 ಯೂನಿಟ್. ನಿಮ್ಮ ಕ್ಯಾಂಪಸ್ಸಿನಲ್ಲಿ ಇಂಥ ಮಷೀನ್ ಎಷ್ಟಿವೆ ಅಂತ ಎಣಿಸಿ, ಕಾಲೇಜಿನ ಬಿಲ್ಲಿನಲ್ಲಿರೋ ದರದಿಂದ ಗುಣಿಸಿ. ಆ ಲೆಕ್ಕ ನಿಮಗೇ ಬಿಟ್ಟಿದ್ದು.

ಇದರಿಂದ ಒಂದು ವಿಷಯ ಸ್ಪಷ್ಟ. ಹಗಲಿನ ಟೈಮರ್ ಬಗ್ಗೆ ಜಗಳ ಆಡೋ ಮುಂಚೆ ರಾತ್ರಿ ಮತ್ತು ಭಾನುವಾರವನ್ನು ಸರಿಪಡಿಸಬೇಕು. ಅಲ್ಲಿ ಉಳಿತಾಯವೂ ಹೆಚ್ಚು, ಕಾಯೋರೂ ಯಾರೂ ಇಲ್ಲ.

ಹಗಲಿನ ಟೈಮರ್: ಎಷ್ಟು ನಿಮಿಷ?

ಈಗ ಕಷ್ಟದ ಪ್ರಶ್ನೆ. ಮುಂದಿನ ಪ್ರಿಂಟ್ ಯಾವಾಗ ಬರುತ್ತೆ ಅಂತ ಮಷೀನಿಗೆ ಗೊತ್ತಿಲ್ಲ. ಬೇಗ ಮಲಗಿದರೆ ಮತ್ತೆ ಕಾಯಿಸೋ ಖರ್ಚು. ಮಲಗದೇ ಇದ್ದರೆ ರೆಡಿಯಾಗಿ ನಿಂತಿರೋ ಖರ್ಚು. ಯಾವುದನ್ನು ಆರಿಸೋದು?

ಕಂಪ್ಯೂಟರ್ ಸೈನ್ಸಿನವರಿಗೆ ಇದು ಗುರುತು ಸಿಗಬೇಕು. ಆನ್‌ಲೈನ್ ಆಲ್ಗಾರಿದಮ್ ಪಾಠದಲ್ಲಿ "ಸ್ಕೀ ರೆಂಟಲ್" ಅನ್ನೋ ಸಮಸ್ಯೆ ಬರುತ್ತಲ್ಲ, ಅದರದ್ದೇ ಇನ್ನೊಂದು ರೂಪ. ನಮ್ಮ ಕಡೆಯ ಉದಾಹರಣೆ ಬೇಕಾದ್ರೆ: ಊರಿಂದ ಹಾಸ್ಟೆಲಿಗೆ ಬಂದಿದ್ದೀರಿ, ಸೈಕಲ್ ಬಾಡಿಗೆಗೆ ತಗೊಳ್ಳೋದಾ, ಕೊಂಡುಬಿಡೋದಾ? ಎಷ್ಟು ದಿನ ಬೇಕಾಗುತ್ತೆ ಅಂತ ಗೊತ್ತಿಲ್ಲ. ಅದಕ್ಕೆ ಒಂದು ಸರಳ ನಿಯಮ ಇದೆ: ಕೊಟ್ಟ ಬಾಡಿಗೆಯ ಮೊತ್ತ ಸೈಕಲ್ ಬೆಲೆಗೆ ಸಮ ಆಗೋವರೆಗೆ ಬಾಡಿಗೆಗೆ ಓಡಿಸಿ, ಆಮೇಲೆ ಕೊಂಡುಕೊಳ್ಳಿ. ಏನೇ ಆದ್ರೂ ನಿಮ್ಮ ಖರ್ಚು, ಎಲ್ಲ ಮೊದಲೇ ಗೊತ್ತಿದ್ದವನ ಖರ್ಚಿನ ಎರಡು ಪಟ್ಟು ಮೀರೋದಿಲ್ಲ.

ಪ್ರಿಂಟರಿನಲ್ಲಿ "ಬಾಡಿಗೆ" ಅಂದ್ರೆ ರೆಡಿ ಸ್ಥಿತಿಯ ಹೆಚ್ಚುವರಿ ವ್ಯಾಟ್. "ಬೆಲೆ" ಅಂದ್ರೆ ಮತ್ತೆ ಎದ್ದು ಕಾಯೋಕೆ ಬೇಕಾದ ಶಕ್ತಿ. ಆದ್ದರಿಂದ:

ಟೈಮರ್ = ಎಬ್ಬಿಸೋ ಶಕ್ತಿ ÷ (ರೆಡಿ ವ್ಯಾಟ್ − ಸ್ಲೀಪ್ ವ್ಯಾಟ್)

ನಮ್ಮ ಉದಾಹರಣೆಯ ಮಷೀನ್ 800 ವ್ಯಾಟ್‌ನಲ್ಲಿ 20 ಸೆಕೆಂಡ್ ಕಾದು ಎದ್ದೇಳುತ್ತೆ ಅಂತ ಇಟ್ಟುಕೊಳ್ಳಿ. ಎಬ್ಬಿಸೋ ಶಕ್ತಿ 16000 ಜೌಲ್. ಭಾಗಿಸಬೇಕಾದ್ದು 38 ವ್ಯಾಟ್‌ನಿಂದ. ಉತ್ತರ ಸುಮಾರು 420 ಸೆಕೆಂಡ್, ಅಂದ್ರೆ 7 ನಿಮಿಷ.

ಎರಡು ಪಟ್ಟು ಅನ್ನೋದು ಹೇಗೆ ಬಂತು ಅಂತ ಒಂದೇ ನಿಮಿಷದಲ್ಲಿ ನೋಡಿಬಿಡೋಣ. ಮುಂದಿನ ಪ್ರಿಂಟ್ 7 ನಿಮಿಷದೊಳಗೆ ಬಂದರೆ ಎದ್ದಿದ್ದೇ ಸರಿ. ಹೆಚ್ಚುವರಿ ಖರ್ಚು ಏನೂ ಇಲ್ಲ. 7 ನಿಮಿಷ ದಾಟಿ ಬಂದರೆ ಮೊದಲೇ ಮಲಗಿದ್ದರೆ ಚೆನ್ನಾಗಿತ್ತು. ಆಗ ಎಬ್ಬಿಸೋ ಶಕ್ತಿ ಒಂದೇ ಸಾಕಿತ್ತು. ನಾವು ಖರ್ಚು ಮಾಡಿದ್ದು 7 ನಿಮಿಷದ ರೆಡಿ ಜೊತೆಗೆ ಎಬ್ಬಿಸೋ ಶಕ್ತಿ. ಎರಡೂ ಸಮ ಇರೋ ಹಾಗೆ 7 ನಿಮಿಷ ಆರಿಸಿದ್ದರಿಂದ, ಒಟ್ಟು ಸರಿಯಾಗಿ ಎರಡು ಪಟ್ಟು. ಅದಕ್ಕಿಂತ ಕೆಟ್ಟದ್ದು ಆಗೋದಕ್ಕೇ ಸಾಧ್ಯ ಇಲ್ಲ. ಟೈಮರನ್ನು 4 ಗಂಟೆಗೆ ಇಟ್ಟವರಿಗೆ ಈ ಭರವಸೆ ಇಲ್ಲ. ಅವರ ಅನುಪಾತ 35ರ ತನಕ ಹೋಗಬಹುದು. ಪೂರ್ತಿ ಆಫ್ ಮಾಡಿದವರಿಗಂತೂ ಮಿತಿಯೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮಲಗಿ ಐದೇ ನಿಮಿಷ ಆಗಿದ್ದರೆ ಫ್ಯೂಸರ್ ಇನ್ನೂ ಪೂರ್ತಿ ಆರಿರೋದಿಲ್ಲ. ಆಗ ಎಬ್ಬಿಸೋ ಖರ್ಚು 16000 ಜೌಲಿಗಿಂತ ಕಡಿಮೆಯೇ. ಹಾಗಾಗಿ ಈ ಸೂತ್ರ ಕೊಡೋ ನಿಮಿಷ ಸ್ವಲ್ಪ ಧಾರಾಳವಾಗಿಯೇ ಇರುತ್ತೆ, ಜಿಪುಣತನ ಮಾಡೋದಿಲ್ಲ.

ಕಾಯೋ ಜನರ ಲೆಕ್ಕವನ್ನೂ ಹಾಕಬೇಕು

ಜೌಲ್ ಮಾತ್ರ ನೋಡಿ ಕೌಂಟರಿನಲ್ಲಿ ನಿಂತವರನ್ನು ಮರೆತರೆ ಅದೂ ತಪ್ಪು ಲೆಕ್ಕವೇ. ಕ್ಯೂನಲ್ಲಿ ಬೈಸಿಕೊಳ್ಳೋದು ಕ್ಲರ್ಕ್ ಮೇಡಂ, ಸೆಟ್ಟಿಂಗ್ ಬದಲಿಸಿದವರಲ್ಲ. ದಿನಕ್ಕೆ 10 ಸಲ 7 ನಿಮಿಷಕ್ಕಿಂತ ದೊಡ್ಡ ಬಿಡುವು ಸಿಕ್ಕಿತು ಅಂದ್ರೆ, ಒಟ್ಟು ಕಾಯುವಿಕೆ 200 ಸೆಕೆಂಡ್, ಅಂದ್ರೆ ಮೂರೂವರೆ ನಿಮಿಷದೊಳಗೆ. ರಶ್ ಇದ್ದಾಗ ಪ್ರಿಂಟ್ ಮೇಲೆ ಪ್ರಿಂಟ್ ಬರೋದರಿಂದ ಮಷೀನ್ ಮಲಗೋದೇ ಇಲ್ಲ. ಕಾಯಬೇಕಾದ್ದು ಬಿಡುವಿನ ಹೊತ್ತಿನಲ್ಲಿ ಬಂದ ಒಬ್ಬರು ಮಾತ್ರ.

ಇಂಟರ್ನಲ್ಸ್ ಪ್ರಶ್ನೆಪತ್ರಿಕೆ, ಅಡ್ಮಿಷನ್, ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸೋ ವಾರಗಳಲ್ಲಿ ಬೇಕಾದ್ರೆ ಟೈಮರನ್ನು 20 ನಿಮಿಷಕ್ಕೆ ಏರಿಸಿ. ಆದ್ರೆ ವಾಪಸ್ ಇಳಿಸೋ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಮಷೀನಿಗೇ ಅಂಟಿಸಿ. "ಆಮೇಲೆ ಇಳಿಸೋಣ" ಅಂದ ಸೆಟ್ಟಿಂಗ್ ಯಾವತ್ತೂ ಇಳಿಯೋದಿಲ್ಲ.

ಬ್ರೋಷರಿನ ಅಂಕಿ ಏನು ಹೇಳುತ್ತೆ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಗುರುತನ್ನು ಶುರು ಮಾಡಿತು. ಮೊದಲು ಬಂದದ್ದು ಕಂಪ್ಯೂಟರ್ ಮತ್ತು ಮಾನಿಟರ್, ಆಮೇಲೆ ಪ್ರಿಂಟರ್. ಇಂದಿನ ಲೇಸರ್ ಪ್ರಿಂಟರುಗಳ ಬ್ರೋಷರಿನಲ್ಲಿ "ಟಿಇಸಿ" ಅಂತ ಒಂದು ಅಂಕಿ ಇರುತ್ತೆ. ಸಾಮಾನ್ಯ ಬಳಕೆಯಲ್ಲಿ ವಾರಕ್ಕೆ ಎಷ್ಟು ಯೂನಿಟ್ ಖರ್ಚಾಗುತ್ತೆ ಅನ್ನೋದು ಅದರ ಅರ್ಥ. ವಾರಕ್ಕೆ 5 ದಿನ ಕೆಲಸ, 2 ದಿನ ರಜೆ ಅಂತ ಲೆಕ್ಕ ಹಿಡಿದು ಅದನ್ನು ಕಂಡುಹಿಡಿಯುತ್ತಾರೆ.

ಗಮನಿಸಬೇಕಾದ್ದು ಇಷ್ಟು: ಆ ಪರೀಕ್ಷೆ ನಡೆಯೋದು ಫ್ಯಾಕ್ಟರಿಯಿಂದ ಬಂದ ಸ್ಲೀಪ್ ಟೈಮರಿನಲ್ಲೇ. ನೀವು ಟೈಮರ್ ಆಫ್ ಮಾಡಿದ ಕ್ಷಣ ಆ ಅಂಕಿ ನಿಮ್ಮ ಮಷೀನಿಗೆ ಅನ್ವಯಿಸೋದಿಲ್ಲ. ಮೇಲಿನ ಸ್ಟಿಕ್ಕರ್ ಮಾತ್ರ ಹಾಗೇ ಇರುತ್ತೆ.

ಸೆಟ್ಟಿಂಗ್ ಮಾಡೋ ಕ್ರಮ

ಆಫೀಸಿನ ಪ್ರಿಂಟರ್ ನಮ್ಮದಲ್ಲ. ಮೊದಲು ಎಚ್‌ಒಡಿ ಅಥವಾ ಸಿಸ್ಟಮ್ ಅಡ್ಮಿನ್ ಹತ್ತಿರ ಒಪ್ಪಿಗೆ ಕೇಳಿ, ಆಮೇಲೆ ಈ ಕ್ರಮದಲ್ಲಿ ಹೋಗಿ.

1. ಈಗ ಏನಿದೆ ಅಂತ ಬರೆದುಕೊಳ್ಳಿ. ಮೆನುವಿನಿಂದ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ತೆಗೆಯಿರಿ. ಅದರಲ್ಲಿ ಐಪಿ ವಿಳಾಸ ಇರುತ್ತೆ. ಅದನ್ನು ಬ್ರೌಸರಿನಲ್ಲಿ ಹಾಕಿದರೆ ಬಹುತೇಕ ನೆಟ್‌ವರ್ಕ್ ಪ್ರಿಂಟರುಗಳ ಸೆಟ್ಟಿಂಗ್ ಪುಟ ತೆರೆಯುತ್ತೆ. ಸಣ್ಣ ಡಿಸ್‌ಪ್ಲೇಯಲ್ಲಿ ಬಾಣದ ಗುರುತು ಒತ್ತೋದಕ್ಕಿಂತ ಇದು ಸುಲಭ.

2. ಸ್ಲೀಪ್ ಟೈಮರ್ ಇಡಿ. ಪವರ್ ಸೇವ್, ಎನರ್ಜಿ ಸೇವರ್, ಸ್ಲೀಪ್ ಟೈಮ್, ಇಕೋ ಅನ್ನೋ ಹೆಸರುಗಳಲ್ಲಿ ಹುಡುಕಿ. ಲೆಕ್ಕದಿಂದ ಬಂದ ನಿಮಿಷಕ್ಕೆ ಹತ್ತಿರದ ಆಯ್ಕೆ ಆರಿಸಿ.

3. ವಾರದ ವೇಳಾಪಟ್ಟಿ ಇಡಿ. ದೊಡ್ಡ ಮಷೀನುಗಳಲ್ಲಿ ಇಂಥ ಹೊತ್ತಿಗೆ ಏಳು, ಇಂಥ ಹೊತ್ತಿಗೆ ಮಲಗು ಅಂತ ದಿನವಾರು ಹೇಳಬಹುದು. ಬೆಳಗ್ಗೆ 8:50ಕ್ಕೆ ಏಳಲಿ, ಸಂಜೆ 5:30ಕ್ಕೆ ಮಲಗಲಿ, ಭಾನುವಾರ ರಜೆ. ಬೆಳಗ್ಗೆ ಮೊದಲು ಬಂದವರು ಕಾಯೋದೂ ತಪ್ಪುತ್ತೆ. ಮಷೀನಿನ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಗಡಿಯಾರ 12 ಗಂಟೆ ತಪ್ಪಿದ್ದರೆ ಅದು ಹಗಲು ಮಲಗಿ ರಾತ್ರಿ ಏಳುತ್ತೆ.

4. ಆಟೋ ಆಫ್ ಯೋಚಿಸಿ ಬಳಸಿ. ಸ್ಟಾಫ್ ರೂಮಿನಿಂದ ನೆಟ್‌ವರ್ಕ್ ಮೂಲಕ ಪ್ರಿಂಟ್ ಕೊಡೋರಿದ್ದರೆ ಹಗಲಲ್ಲಿ ಆಟೋ ಆಫ್ ಬೇಡ. ಪುಟಕ್ಕಾಗಿ ಮೆಟ್ಟಿಲಿಳಿದು ಬಂದವರಿಗೆ ಸತ್ತ ಮಷೀನ್ ಕಂಡರೆ ಮರುದಿನವೇ ಎಲ್ಲ ಸೆಟ್ಟಿಂಗೂ ಮಾಯ.

5. ಮಲಗಿದ ಮೇಲೆ "ಆಫ್‌ಲೈನ್" ಅಂದ್ರೆ ಕಾರಣ ಹುಡುಕಿ. ಸ್ಲೀಪ್ ಆಫ್ ಮಾಡೋಕೆ ಜನ ಕೊಡೋ ದೊಡ್ಡ ಕಾರಣ ಇದೇ. ಎಷ್ಟೋ ಸಲ ತೊಂದರೆ ಸ್ಲೀಪ್‌ನದ್ದಲ್ಲ, ಐಪಿ ವಿಳಾಸದ್ದು. ಮಷೀನಿಗೆ ಹೊಸ ವಿಳಾಸ ಸಿಕ್ಕಿರುತ್ತೆ, ಕಂಪ್ಯೂಟರ್ ಹಳೆಯದ್ದಕ್ಕೇ ಕಳಿಸುತ್ತಿರುತ್ತೆ. ರೂಟರ್ ಅಥವಾ ಡಿಎಚ್‌ಸಿಪಿ ಸರ್ವರಿನಲ್ಲಿ ಆ ಪ್ರಿಂಟರಿಗೆ ಒಂದು ವಿಳಾಸ ಕಾಯ್ದಿರಿಸಿ, ಕಂಪ್ಯೂಟರುಗಳಲ್ಲಿ ಅದೇ ವಿಳಾಸದ ಟಿಸಿಪಿ/ಐಪಿ ಪೋರ್ಟ್ ಹಾಕಿ. ಇದನ್ನು ಮಾಡದೆ ಸ್ಲೀಪನ್ನೇ ತೆಗೆಯೋದು ಅಂದ್ರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

6. ಮಲಗೋದೇ ಇಲ್ಲ ಅಂದ್ರೆ ಎಬ್ಬಿಸೋರು ಯಾರು ನೋಡಿ. ಟೋನರ್ ಎಷ್ಟಿದೆ, ಕಾಗದ ಇದೆಯಾ ಅಂತ ಕಂಪ್ಯೂಟರುಗಳು ಎಸ್‌ಎನ್‌ಎಂಪಿ ಮೂಲಕ ಆಗಾಗ ಕೇಳುತ್ತಿರುತ್ತವೆ. ಕೆಲವು ಮಷೀನುಗಳು ಪ್ರತಿ ಪ್ರಶ್ನೆಗೂ ಎದ್ದು ಉತ್ತರ ಕೊಡುತ್ತವೆ. ನೆಟ್‌ವರ್ಕ್ ಕೇಬಲ್ ಒಂದು ಗಂಟೆ ತೆಗೆದು ನೋಡಿ. ಆಗ ನೆಮ್ಮದಿಯಾಗಿ ಮಲಗಿದರೆ ಕಾರಣ ಸಿಕ್ಕಿತು ಅಂತಲೇ ಅರ್ಥ. ಬೇಡದ ಕಂಪ್ಯೂಟರುಗಳಲ್ಲಿ ಆ ಸ್ಟೇಟಸ್ ವಿಚಾರಣೆ ನಿಲ್ಲಿಸಬಹುದು.

7. ಎರಡೂ ಬದಿ ಪ್ರಿಂಟನ್ನು ಡೀಫಾಲ್ಟ್ ಮಾಡಿ. ಟೋನರ್ ಸೇವ್ ಅಂದ್ರೆ ಕರೆಂಟ್ ಉಳಿತಾಯ ಅಲ್ಲ. ಪುಡಿ ಕಡಿಮೆ ಬೀಳುತ್ತೆ ಅಷ್ಟೇ. ಡ್ಯೂಪ್ಲೆಕ್ಸ್ ಉಳಿಸೋದು ಕಾಗದವನ್ನು. 80 ಜಿಎಸ್‌ಎಂನ ಒಂದು ಎ4 ಹಾಳೆಯ ತೂಕ 5 ಗ್ರಾಂ. ಮರವನ್ನು ತಿರುಳು ಮಾಡಿ, ಬೇಯಿಸಿ, ಒಣಗಿಸಿ ಆ ಹಾಳೆ ತಯಾರಿಸೋಕೆ ತಗಲೋ ಶಕ್ತಿ, ಅದರ ಮೇಲೆ ಪ್ರಿಂಟ್ ಮಾಡೋ ಶಕ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ಲ್ಯಾಬ್ ರೆಕಾರ್ಡ್ ಒಂದೇ ಬದಿ ಇರಬೇಕು ಅನ್ನೋ ನಿಯಮ ಇದ್ದರೆ ಅದೊಂದಕ್ಕೆ ಮಾತ್ರ ಬದಲಿಸಿಕೊಳ್ಳಲಿ.

ಇವನ್ನು ಮಾಡಬೇಡಿ

ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ. ಫ್ಯೂಸರ್ ಹೊತ್ತಿಕೊಂಡಾಗ ಎಳೆಯೋ ಕರೆಂಟಿಗೆ ಯುಪಿಎಸ್ ಓವರ್‌ಲೋಡ್ ಆಗಿ, ಪಕ್ಕದ ಕಂಪ್ಯೂಟರುಗಳೂ ಆರಿಹೋಗಬಹುದು.

ದೊಡ್ಡ ಪ್ರಿಂಟ್ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಒಳಗಿನ ಫ್ಯಾನ್ ತಣ್ಣಗೆ ಮಾಡೋಕೆ ಸ್ವಲ್ಪ ಹೊತ್ತು ಕೊಡಿ.

ಇಂಕ್‌ಜೆಟ್ ಪ್ರಿಂಟರಿಗೆ ಮೇಲಿನ ಲೆಕ್ಕ ಹಚ್ಚಬೇಡಿ. ಅದರಲ್ಲಿ ಫ್ಯೂಸರೇ ಇಲ್ಲ, ಸುಮ್ಮನಿದ್ದಾಗ ಖರ್ಚೂ ಕಡಿಮೆ. ಅದನ್ನು ಅದರ ಬಟನ್ನಿಂದಲೇ ಆರಿಸಬೇಕು, ಆಗಲೇ ಹೆಡ್ ತನ್ನ ಮುಚ್ಚಳದೊಳಗೆ ಹೋಗಿ ಕೂರೋದು. ಗೋಡೆಯ ಸ್ವಿಚ್ಚಿನಿಂದ ಆರಿಸಿದರೆ ಶಾಯಿ ಒಣಗಬಹುದು, ಕ್ಲೀನಿಂಗಿಗೆ ಇನ್ನಷ್ಟು ಶಾಯಿ ಹೋಗುತ್ತೆ.

ಅಳೆದು ನೋಡಿ

ಸಾಕೆಟ್ಟಿಗೆ ಸಿಕ್ಕಿಸೋ ಎನರ್ಜಿ ಮೀಟರ್ ಒಂದಿದ್ದರೆ ಸಾಕು. ಪ್ರಿಂಟರ್ ಎಳೆಯೋ ಗರಿಷ್ಠ ಕರೆಂಟನ್ನು ಅದು ತಡೆಯುತ್ತಾ ಅನ್ನೋದನ್ನು ಮೊದಲು ನೋಡಿಕೊಳ್ಳಿ. ಮಲ್ಟಿಮೀಟರಿನಲ್ಲಿ ವೋಲ್ಟೇಜ್, ಕರೆಂಟ್ ಓದಿ ಗುಣಿಸಬೇಡಿ, ಪವರ್ ಫ್ಯಾಕ್ಟರ್ ಬಿಟ್ಟುಹೋಗುತ್ತೆ. ಆ ಕ್ಷಣದ ವ್ಯಾಟ್ ನೋಡಿ ಬರೆದುಕೊಳ್ಳೋದೂ ತಪ್ಪು. ರೆಡಿ ಸ್ಥಿತಿಯಲ್ಲಿ ಹೀಟರ್ ಹೊತ್ತಿ ಆರಿ ಮಾಡುತ್ತಿರುತ್ತೆ. ನೋಡಿದ ಕ್ಷಣ 8 ವ್ಯಾಟ್ ಇರಬಹುದು, ಮರುಕ್ಷಣ 600 ಇರಬಹುದು. ಒಂದು ಗಂಟೆಯ ಒಟ್ಟು ಶಕ್ತಿ ಓದಿ, ಅದರಿಂದ ಸರಾಸರಿ ತೆಗೆಯಿರಿ.

ಒಂದು ವಾರ ಈಗಿನ ಸೆಟ್ಟಿಂಗಿನಲ್ಲಿ ಅಳೆಯಿರಿ. ಪುಟಗಳ ಲೆಕ್ಕವನ್ನು ಮಷೀನೇ ಕೊಡುತ್ತೆ. ಇನ್ನೊಂದು ವಾರ ಹೊಸ ಸೆಟ್ಟಿಂಗಿನಲ್ಲಿ ಅಳೆಯಿರಿ. ಜೊತೆಗೆ ದಿನಕ್ಕೆ ಎಷ್ಟು ಸಲ ಕಾಯಬೇಕಾಯ್ತು ಅಂತ ಕ್ಲರ್ಕ್ ಮೇಡಂ ಹತ್ತಿರ ಒಂದು ಹಾಳೆಯಲ್ಲಿ ಗೆರೆ ಎಳೆಯೋಕೆ ಹೇಳಿ. ಎರಡು ವಾರ, ಒಂದು ಮೀಟರ್, ಒಂದು ಹಾಳೆ. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರೋರಿಗೆ ಇದಕ್ಕಿಂತ ಹತ್ತಿರದ್ದು ಸಿಗಲಾರದು.

ನಿಮ್ಮ ಮಷೀನ್ ಹೊಸದಾಗಿದ್ದು, ರೆಡಿಯಲ್ಲೇ 8 ವ್ಯಾಟ್ ಅಂತ ಬಂದರೆ ಉಳಿತಾಯ ಸಣ್ಣದು. ಅದನ್ನೂ ಹಾಗೇ ವರದಿಯಲ್ಲಿ ಬರೆಯಿರಿ, ಆ ಆಫೀಸಿನವರನ್ನು ಕಾಯಿಸೋ ಅಗತ್ಯ ಇಲ್ಲ. 40 ಬಂದರೆ ಆ ಹಾಳೆಯನ್ನು ಎಚ್‌ಒಡಿ ಮುಂದೆ ಇಡಿ. ಟೈಮರಿಗೆ ಎಷ್ಟು ನಿಮಿಷ ಅನ್ನೋ ಚರ್ಚೆ ಅಲ್ಲಿಂದ ಶುರುವಾಗಲಿ. ನಿಮ್ಮ ಡಿಪಾರ್ಟ್‌ಮೆಂಟಿನ ಅಂಕಿ ನಮಗೂ ಕಳಿಸಿ, ಎಲ್ಲವನ್ನೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಕ್ಯಾಂಪಸ್ಸಿನ ಒಟ್ಟು ಲೆಕ್ಕ ಹಾಕೋಣ.